ಎಕರೆ ಅಲ್ಲ, ಗಂಟೆ ಎಣಿಸು

ಪ್ರೀತಿಯ ಮಗನಿಗೆ, ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಹೊಸ ಟ್ರ್ಯಾಕ್ಟರ್ ಬೇಕೇ ಬೇಕು ಅಂತ ನೀನು, ಸಾಲ ಬೇಡ ಅಂತ ನಿಮ್ಮಪ್ಪ. ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿದಿರಿ. ಎಷ್ಟು ಎಕರೆ, ಎಷ್ಟು ಎಚ್‌ಪಿ, ಎಷ್ಟು ಕಂತು, ಎಲ್ಲ ಹೇಳಿದಿರಿ. ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದೆ ಅಂತ ಒಬ್ಬರೂ ಹೇಳಲಿಲ್ಲ. ಇಪ್ಪತ್ತು ವರ್ಷ ನಮ್ಮ ಹೊಲದ ಲೆಕ್ಕ ಬರೆದವಳು ನಾನು. ಅದಕ್ಕೇ ಈ ಪತ್ರ.

ಕಳೆದ ವರ್ಷದ ಟ್ರ್ಯಾಕ್ಟರ್ ಬಾಡಿಗೆ ಚೀಟಿಗಳನ್ನು ಮುಂದಿಟ್ಟುಕೊಂಡು ಕೂರು. ಉಳುಮೆ, ಮಣ್ಣು ಪುಡಿ ಮಾಡುವ ರೋಟಾವೇಟರ್, ಬಿತ್ತನೆ, ಟ್ರೇಲರ್ ಸಾಗಣೆ, ಎಲ್ಲ ಗಂಟೆ ಕೂಡಿಸು. ಇನ್ನೊಂದು ಹಾಳೆಯಲ್ಲಿ, ಗಾಡಿ ಸುಮ್ನೆ ನಿಂತಿದ್ದರೂ ತಪ್ಪದ ಖರ್ಚು ಬರೆ: ಬಡ್ಡಿ, ವಿಮೆ, ವರ್ಷ ವರ್ಷ ಇಳಿಯುವ ಬೆಲೆ. ಹೊಸ ಗಾಡಿಯ ಬೆಲೆ ಮೊದಲ ವರ್ಷಗಳಲ್ಲೇ ಜಾಸ್ತಿ ಇಳಿಯುತ್ತದೆ, ಅದನ್ನು ಮರೆಯಬೇಡ.

ಈಗ ಒಂದು ಗಂಟೆಯ ಬಾಡಿಗೆ 10 ಪಾಲು ಅಂದುಕೋ. ಸ್ವಂತ ಗಾಡಿ ಒಂದು ಗಂಟೆ ಓಡಿಸಲು ಡೀಸೆಲ್, ಆಯಿಲ್, ಕೂಲಿ, ರಿಪೇರಿ ಸೇರಿ 6 ಪಾಲು. ಗಂಟೆಗೆ ಉಳಿಯುವುದು 4. ತಪ್ಪದ ಖರ್ಚು ವರ್ಷಕ್ಕೆ 2000 ಪಾಲಾದರೆ, ಗಾಡಿ 500 ಗಂಟೆ ಓಡಿದರೆ ಮಾತ್ರ ಅಸಲು ಗಿಟ್ಟುತ್ತದೆ. ನಿನ್ನ ಚೀಟಿಗಳು 150 ಗಂಟೆ ಅಂದರೆ? ಉಳಿದ 350 ಗಂಟೆ ಬೇರೆಯವರ ಹೊಲದಲ್ಲಿ ದುಡಿಯಬೇಕು. ಅದಕ್ಕೆ ನೀನು ತಯಾರಿದ್ದೀಯಾ, ಯೋಚನೆ ಮಾಡು.

ಈ ಲೆಕ್ಕದಲ್ಲಿ ಹದ, ಅಂದರೆ ಬಿತ್ತಲು ತಕ್ಕ ತೇವ ಮಣ್ಣಿನಲ್ಲಿರುವ ಹೊತ್ತು, ಮಾತ್ರ ಬರುವುದಿಲ್ಲ. ಒಂದು ವರ್ಷ ನಾವು ಬಾಡಿಗೆ ಟ್ರ್ಯಾಕ್ಟರ್‌ಗೆ ಒಂಬತ್ತು ದಿನ ಕಾದೆವು. ನಾಳೆ ನಾಳೆ ಅಂತಲೇ ಹೇಳಿದರು. ಅಷ್ಟರಲ್ಲಿ ಮಣ್ಣು ಒಣಗಿತು, ಬೀಜ ಅಲ್ಲಲ್ಲಿ ಮಾತ್ರ ಹುಟ್ಟಿತು. ಆ ನಷ್ಟ ಇಡೀ ವರ್ಷದ ಬಾಡಿಗೆಗಿಂತ ದೊಡ್ಡದು. ಪಕ್ಕದವರ ಜೊತೆ ಸೇರಿ ಒಂದು ಗಾಡಿ ಕೊಳ್ಳುವ ಮಾತೂ ಬಂದಿತ್ತು. ಆದರೆ ಹದ ಇಬ್ಬರ ಹೊಲಕ್ಕೂ ಒಂದೇ ದಿನ ಬರುತ್ತದೆ ಅಲ್ವಾ? ಹಾಗಾಗಿ, ಹೀಗೆ ಕಾದು ಕೆಟ್ಟ ಬೆಳೆ ಎಷ್ಟು ಸಲ ಆಗಿದೆ ಅಂತ ನಿಮ್ಮಪ್ಪನನ್ನು ಕೇಳು. ಆ ಉತ್ತರವನ್ನೂ ಹಾಳೆಯಲ್ಲಿ ಬರೆ.

ಆ ಸಿಟ್ಟಿನಲ್ಲೇ ನಿನ್ನ ಮಾವ ಟ್ರ್ಯಾಕ್ಟರ್ ತಂದರು. ತಂದದ್ದು ತಪ್ಪಲ್ಲ. ಬೇಕಾದ್ದಕ್ಕಿಂತ ದೊಡ್ಡದು ತಂದದ್ದು ತಪ್ಪಾಯಿತು. ಸಣ್ಣ ತಾಕುಗಳಲ್ಲಿ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಒದ್ದೆ ನೆಲದಲ್ಲಿ ಅಷ್ಟು ಭಾರ ಓಡಿ ಉಳುಮೆ ಮುಟ್ಟದ ಆಳದಲ್ಲಿ ಮಣ್ಣು ಗಟ್ಟಿಯಾಯಿತು. ನೀರು ಮೇಲೆಯೇ ನಿಂತಿತು, ಬೇರು ಕೆಳಗೆ ಇಳಿಯಲಿಲ್ಲ. ಸಾಲ ತೀರಿದ ಮೇಲೂ ಆ ನೆಲ ಸರಿಹೋಗಲು ಬಹಳ ವರ್ಷ ಹಿಡಿಯಿತು.

ಎಚ್‌ಪಿ ಕೇಳುವಾಗ ಪಿಟಿಒ ಎಚ್‌ಪಿ, ಅಂದರೆ ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ದಂಡಕ್ಕೆ ಸಿಗುವ ಬಲ, ಎಷ್ಟು ಅಂತ ಕೇಳು. ಎಂಜಿನ್‌ನ ಬಲ ಪೂರ್ತಿ ರೋಟಾವೇಟರ್‌ಗೆ ಸಿಗುವುದಿಲ್ಲ, ದಾರಿಯಲ್ಲೇ ಒಂದಷ್ಟು ಹೋಗುತ್ತದೆ. ಮೊದಲು ಯಾವ ಉಪಕರಣ ಕಟ್ಟುತ್ತೀಯ ಅಂತ ತೀರ್ಮಾನ ಮಾಡು, ಅದಕ್ಕೆ ತಕ್ಕ ಗಾಡಿ ನೋಡು.

ಹಳೆಯದೂ ನೋಡಬಹುದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸು, ಹೊಗೆಯ ಬಣ್ಣ ನೋಡು. ಉಪಕರಣ ಎತ್ತಿಸಿ ಎಂಜಿನ್ ನಿಲ್ಲಿಸು. ಅದನ್ನು ಎತ್ತಿ ಹಿಡಿದ ಲಿಫ್ಟ್ ಬೇಗ ಇಳಿದರೆ ಅದರಲ್ಲಿ ರಿಪೇರಿ ಇದೆ ಅಂತ ಅರ್ಥ.

ಯಾವುದನ್ನೇ ತಂದರೂ, ಗಾಡಿ ಮಗುಚಿದರೆ ಕಾಯುವ ಕಬ್ಬಿಣದ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಎರಡೂ ಇರಲಿ. ಸ್ವೀಡನ್‌ನಲ್ಲಿ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಆ ಚೌಕಟ್ಟು ಕಡ್ಡಾಯ ಮಾಡಿದರು, ಮಗುಚಿ ಸಾಯುವವರು ಬಹಳ ಕಡಿಮೆಯಾದರು. ಬದುವಿನ ಪಕ್ಕ ನೀನು ಗಾಡಿ ತಿರುಗಿಸುವುದನ್ನು ನೆನೆದರೆ ನನಗೆ ಭಯ ಆಗುತ್ತದೆ. ಇದೊಂದರಲ್ಲಿ ನನ್ನ ಮಾತು ಮೀರಬೇಡ.

ಚೀಟಿ ಕೂಡಿಸಿದ ದಿನ ಫೋನ್ ಮಾಡು. ನಿಮ್ಮಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೋ. ಈ ಸಲ ಇಬ್ಬರೂ ಒಟ್ಟಿಗೆ ಮಾತಾಡಿ.

ನಿನ್ನ ಅತ್ತೆ