ಕೈಚೀಲದಲ್ಲಿ ಉಳಿದ 15 ತೋಟೆ

ಕೊಲಂಬಸ್, ಓಹಾಯೋ
14 ಅಕ್ಟೋಬರ್ 2024

ಪ್ರೀತಿಯ ಅಪ್ಪಯ್ಯನಿಗೆ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮ. ಸುಮಕ್ಕನ ಗೃಹಪ್ರವೇಶ ಮುಗಿಸಿ ನಿನ್ನೆ ರಾತ್ರಿ ನ್ಯೂಜೆರ್ಸಿಯಿಂದ ವಾಪಸ್ ಬಂದೆವು. ಬಂದ ಕೂಡಲೇ ಫೋನ್ ಮಾಡಿದರೆ ಅಮ್ಮ ಕೇಳಿದ್ದು ಒಂದೇ ಮಾತು. "ನೀನು ಪಿಸ್ತೂಲು ಇಟ್ಕೊಂಡು ತಿರುಗ್ತೀಯಂತೆ, ಹೌದಾ?" ಹೌದು ಅಂದೆ. ಫೋನು ನಿಮ್ಮ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟಳು. ದೊಡ್ಡಮ್ಮನ ಬಾಯಿಂದ ಈ ಸುದ್ದಿ ಬಂದಿದೆ ಅಂತ ಗೊತ್ತಾಯಿತು. ನಾನೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಅಮ್ಮನಿಗೂ ಕೊಡಿ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ರಾತ್ರಿ ಆಸ್ಪತ್ರೆಯ ಲ್ಯಾಬ್ ಕೆಲಸ ಮುಗಿಸಿ ಬರುವಾಗ ಒಂದು ಗಂಟೆ ದಾಟಿತ್ತು. ಪೆಟ್ರೋಲ್ ಹಾಕಲು ನಿಲ್ಲಿಸಿದೆ. ಇಲ್ಲಿ ಬಂಕಿನಲ್ಲಿ ಹುಡುಗರು ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಹಾಕಿ ಒಳಗೆ ಕೂತು ಬಾಗಿಲು ಎಳೆದುಕೊಂಡೆ ಅಷ್ಟೆ. ಎರಡೂ ಕಡೆಯಿಂದ ಇಬ್ಬರು ಬಂದರು. ಒಬ್ಬ ಬಾಗಿಲಿನ ಹಿಡಿ ಎಳೆದ, ಲಾಕ್ ಆಗಿತ್ತು. ಇನ್ನೊಬ್ಬ ಗಾಜಿಗೆ ಏನೋ ಗಟ್ಟಿ ವಸ್ತುವಿನಿಂದ ಹೊಡೆದ. ಗಾಡಿ ಎಬ್ಬಿಸಿಕೊಂಡು ಬಂದುಬಿಟ್ಟೆ. ಮನೆ ಮುಂದೆ ಇಳಿದಾಗ ನೋಡಿದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ದಾರಿಯುದ್ದಕ್ಕೂ ತೆರೆದೇ ಇತ್ತು, ಕಾರಿನ ಮೈಮೇಲೆ ಪೆಟ್ರೋಲ್ ಚೆಲ್ಲಿತ್ತು. ಆ ವಾಸನೆ ಬಂದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಆಮೇಲೆ ಎರಡು ತಿಂಗಳು ನಿದ್ದೆ ಇಲ್ಲ. ಶಿಫ್ಟ್ ಬದಲಿಸಿ ಅಂತ ಕೇಳಿದೆ, ಆಗಲಿಲ್ಲ. ಇವರ ಜೊತೆ ಮಾತಾಡಿ, ಯೋಚನೆ ಮಾಡಿ ಆಮೇಲೆ ಪಿಸ್ತೂಲು ತೆಗೆದುಕೊಂಡೆ. ಕೆಲಸದ ವೀಸಾದಲ್ಲಿ ಇದ್ದಾಗ ತೆಗೆದುಕೊಳ್ಳುವ ಹಾಗೇ ಇರಲಿಲ್ಲ, ಕಾನೂನು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಆಗುತ್ತದೆ. ಓಹಾಯೋದಲ್ಲಿ 2022ರ ಜೂನ್‌ನಿಂದ 21 ವರ್ಷ ಆದವರು, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದವರು, ಲೈಸೆನ್ಸ್ ಇಲ್ಲದೆಯೇ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಬಹುದು. ತರಬೇತಿಯೂ ಬೇಕಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ ಅಪ್ಪಯ್ಯ. ನೀವು ನನಗೆ ಕೋವಿ ಮುಟ್ಟಲು ಬಿಟ್ಟದ್ದೇ ಒಂದು ವರ್ಷ ಬರೀ ನೋಡಿ ಕಲಿತ ಮೇಲೆ. ತೋಟದಿಂದ ಬರುವಾಗ ಉಣಗೋಲಿನ ಹತ್ತಿರವೇ ನಳಿಗೆ ಬಗ್ಗಿಸಿ, ತೋಟೆ ತೆಗೆದು, ಎರಡೂ ತೂತಿನಲ್ಲಿ ಬೆಳಕು ನೋಡಿಯೇ ಅಂಗಳಕ್ಕೆ ಕಾಲಿಡುತ್ತಿದ್ದಿರಿ. ಒಂದು ದಿನವೂ ಅದನ್ನು ಬಿಟ್ಟವರಲ್ಲ. ಹಾಗಾಗಿ ನಾನು ಲೈಸೆನ್ಸನ್ನೇ ಮಾಡಿಸಿದೆ. 8 ಗಂಟೆಯ ತರಬೇತಿ, ಅದರಲ್ಲಿ 2 ಗಂಟೆ ಮೇಷ್ಟರ ಎದುರಿಗೇ ಕಲಿಯಬೇಕು, ಗುರಿ ಹೊಡೆಯುವುದೂ ಅದರಲ್ಲೇ. ಆಮೇಲೆ ನಮ್ಮ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಪೊಲೀಸ್ ಮುಖ್ಯಸ್ಥ ಶೆರಿಫ್ ಕಚೇರಿಯಲ್ಲಿ ಬೆರಳಚ್ಚು, ವಿಚಾರಣೆ. 5 ವರ್ಷಕ್ಕೆ ಕಾರ್ಡು.

ಲೈಸೆನ್ಸ್ ಮಾಡಿಸಿದ್ದಕ್ಕೆ ಇನ್ನೊಂದು ಕಾರಣ ಪಕ್ಕದ ರಾಜ್ಯಗಳು. ಇದು ನಿಮಗೆ ಬೇಗ ಅರ್ಥ ಆಗುತ್ತದೆ. ನಿಮ್ಮ ಬೆಳೆ ರಕ್ಷಣೆ ಲೈಸೆನ್ಸ್ ಜಿಲ್ಲೆಗೆ ಮಾತ್ರ, ಕೋವಿ ಹಿಡಿದು ಆಗುಂಬೆ ಘಾಟಿ ಇಳಿಯುವ ಹಾಗಿಲ್ಲ, ಅಲ್ವಾ? ಇಲ್ಲಿಯೂ ಹಾಗೇ. ಡ್ರೈವಿಂಗ್ ಲೈಸೆನ್ಸ್ ಒಂದಿದ್ದರೆ 50 ರಾಜ್ಯದಲ್ಲೂ ಕಾರು ಓಡಿಸಬಹುದು. ಪಿಸ್ತೂಲಿನ ಲೈಸೆನ್ಸ್ ಹಾಗಲ್ಲ. ಯಾವ ರಾಜ್ಯ ಯಾವ ರಾಜ್ಯದ ಕಾರ್ಡನ್ನು ಒಪ್ಪುತ್ತದೆ ಅಂತ ಅವರವರೇ ತೀರ್ಮಾನ ಮಾಡಿಕೊಂಡಿದ್ದಾರೆ. ಪೆನ್ಸಿಲ್ವೇನಿಯಾ ನಮ್ಮ ಓಹಾಯೋ ಕಾರ್ಡನ್ನು ಒಪ್ಪುತ್ತದೆ. ಕಾರ್ಡಿಲ್ಲದೆ ಅಲ್ಲಿ ಕಾರಿನಲ್ಲಿ ತೋಟೆ ತುಂಬಿದ ಪಿಸ್ತೂಲು ಇದ್ದರೆ ಅಪರಾಧ. ಮಿಷಿಗನ್ ಒಪ್ಪುತ್ತದೆ, ಆದರೆ ಅಲ್ಲಿ ಪೊಲೀಸರು ಗಾಡಿ ನಿಲ್ಲಿಸಿದ ಕೂಡಲೇ ನಾವೇ ಬಾಯಿಬಿಟ್ಟು ಹೇಳಬೇಕು. ಓಹಾಯೋದಲ್ಲಿ ಅವರು ಕೇಳಿದರೆ ಹೇಳಬೇಕು. ನ್ಯೂಯಾರ್ಕ್, ನ್ಯೂಜೆರ್ಸಿ, ಮೇರಿಲ್ಯಾಂಡ್ ಹೊರಗಿನ ಯಾರ ಕಾರ್ಡನ್ನೂ ಒಪ್ಪುವುದಿಲ್ಲ. ರಸ್ತೆಯಲ್ಲಿ "ಸ್ವಾಗತ" ಅನ್ನುವ ಒಂದು ಬೋರ್ಡು ಬಿಟ್ಟರೆ ಗಡಿ ಅಂತ ಏನೂ ಕಾಣುವುದಿಲ್ಲ. ಆ ಬೋರ್ಡಿನ ಈಚೆ ಸರಿ ಇದ್ದದ್ದು ಆಚೆ ಜೈಲು.

ಮಧ್ಯದ ರಾಜ್ಯಗಳನ್ನು ಸುಮ್ನೆ ದಾಟಿ ಹೋಗುವವರಿಗೆ ಅಂತ 1986ರಲ್ಲಿ ಕೇಂದ್ರದವರು ಒಂದು ಕಾನೂನು ಮಾಡಿದ್ದಾರೆ. ಹೊರಟ ಊರಲ್ಲೂ ತಲುಪುವ ಊರಲ್ಲೂ ನಿಮಗೆ ಅದನ್ನು ಜೊತೆಗೆ ಒಯ್ಯುವ ಹಕ್ಕು ಇದ್ದರೆ, ತೋಟೆ ತೆಗೆದು, ಕೈಗೆ ಸಿಗದ ಹಾಗೆ ಡಿಕ್ಕಿಯಲ್ಲಿಟ್ಟು ದಾಟಬಹುದು. ಡಿಕ್ಕಿ ಬೇರೆ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಮುಂದಿನ ಸೀಟಿನ ಎದುರಿನ ಖಾನೆಗೆ ಬೀಗ ಇದ್ದರೂ ಅದು ಲೆಕ್ಕಕ್ಕಿಲ್ಲ. ಆದರೆ ನಾವು ನ್ಯೂಜೆರ್ಸಿಯನ್ನು ದಾಟುವವರಲ್ಲ, ಅಲ್ಲೇ ಉಳಿಯುವವರು. ಹಾಗಾಗಿ ಪಿಸ್ತೂಲನ್ನು ತರುವ ಮಾತೇ ಇರಲಿಲ್ಲ. ಗುರುವಾರ ರಾತ್ರಿ ಅದನ್ನು ಮನೆಯ ಲಾಕರಿನಲ್ಲಿಟ್ಟು, ಬಾಗಿಲು ಎಳೆದು ನೋಡಿ, ಇವರಿಗೂ ತೋರಿಸಿ ಮಲಗಿದೆ.

ಶುಕ್ರವಾರ ಬೆಳಿಗ್ಗೆ 5 ಗಂಟೆಗೆ ಹೊರಟೆವು. ನೀವು ಕೋವಿ, ಕತ್ತಿ, ದೋಟಿ, ಔಷಧಿ ಹೊಡೆಯುವ ಪಂಪು ಎಲ್ಲ ಸಾಲಾಗಿ ಇಟ್ಟು ಆಯುಧ ಪೂಜೆ ಮಾಡಿದ ಫೋಟೋ ದಾರಿಯಲ್ಲೇ ನೋಡಿದೆ. ಕೋವಿಯ ಹಿಡಿಗೆ ಸೇವಂತಿಗೆ ಚೆನ್ನಾಗಿ ಕಾಣುತ್ತಿತ್ತು. ಸುಮಾರು 850 ಕಿಲೋಮೀಟರ್ ದಾರಿ. ಓಹಾಯೋ ಮುಗಿದ ಮೇಲೆ ವೆಸ್ಟ್ ವರ್ಜೀನಿಯಾ ಬರೀ ಕಾಲು ಗಂಟೆಯಲ್ಲೇ ಮುಗಿಯುತ್ತದೆ. ಆಮೇಲೆ ಪೆನ್ಸಿಲ್ವೇನಿಯಾ, ಬೆಟ್ಟ, ಸುರಂಗ. ಎಲೆಗಳೆಲ್ಲ ಹಳದಿ, ಕೆಂಪು. ಪುಟ್ಟಿ ನಾಲ್ಕು ಸುರಂಗವನ್ನೂ ಬೆರಳು ಮಡಚಿ ಎಣಿಸಿದಳು.

ಬೋಮನ್ಸ್‌ವಿಲ್ ಅನ್ನುವ ಕಡೆ ಹೆದ್ದಾರಿಯ ತಂಗುದಾಣದಲ್ಲಿ ಕಾಫಿಗೆ ಇಳಿದೆವು. ಪುಟ್ಟಿ ಐಸ್‌ಕ್ರೀಂ ಚೆಲ್ಲಿಕೊಂಡಳು. ಒದ್ದೆ ಟಿಶ್ಯೂ ಹುಡುಕಲು ಕೈಚೀಲದ ಪಕ್ಕದ ಜಿಪ್ ತೆಗೆದು ಕೈ ಹಾಕಿದೆ. ತಣ್ಣಗೆ, ಭಾರವಾಗಿ, ಚೌಕಾಕಾರದ್ದೊಂದು ಬೆರಳಿಗೆ ಸಿಕ್ಕಿತು. ನೋಡುವ ಮೊದಲೇ ಗೊತ್ತಾಯಿತು. ಮ್ಯಾಗಜೀನ್. ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ತೋಟೆಯ ಡಬ್ಬಿ. ಹಿಂದಿನ ವಾರ ಗುರಿ ಅಭ್ಯಾಸಕ್ಕೆ ಹೋದಾಗ ಇಟ್ಟದ್ದು. ತುಂಬಿದ್ದು, 15 ತೋಟೆ. ಪಿಸ್ತೂಲು ಎಲ್ಲಿದೆ ಅಂತ ಮೂರು ಸಲ ನೋಡಿದ ನಾನು ಕೈಚೀಲವನ್ನು ಒಂದು ಸಲವೂ ನೋಡಿರಲಿಲ್ಲ.

ಅಲ್ಲಿ, ಪೆನ್ಸಿಲ್ವೇನಿಯಾದಲ್ಲಿ, ಅದು ಅಪರಾಧ ಅಲ್ಲ. ಒಂದು ಗಂಟೆ ಮುಂದೆ ಹೋದರೆ ಡೆಲವೇರ್ ನದಿ, ಸೇತುವೆ, ಆಚೆ ನ್ಯೂಜೆರ್ಸಿ. ಅಲ್ಲಿ 10ಕ್ಕಿಂತ ಜಾಸ್ತಿ ತೋಟೆ ಹಿಡಿಯುವ ಮ್ಯಾಗಜೀನ್ ಇಟ್ಟುಕೊಳ್ಳುವುದೇ ಅಪರಾಧ. ತುದಿಯಲ್ಲಿ ಕುಳಿ ಇರುವ ಗುಂಡುಗಳಿಗೂ ಮನೆ, ಗುರಿ ಅಭ್ಯಾಸದ ಜಾಗ, ಹೀಗೆ ಕೆಲವು ಕಡೆ ಬಿಟ್ಟರೆ ನಿರ್ಬಂಧ. ನನ್ನವು ಅವೇ. ಒಂದೊಂದಕ್ಕೂ 18 ತಿಂಗಳವರೆಗೆ ಜೈಲು ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಈ ದೇಶದಿಂದ ಹೊರಗೆ ಹಾಕಬಹುದು. ಪುಟ್ಟಿ ಹುಟ್ಟಿದ್ದು ಇಲ್ಲಿ, ಅವಳು ಇಲ್ಲಿನ ಪ್ರಜೆ. ನಾನು ಅಲ್ಲ. ಆ ಒಂದು ಯೋಚನೆ ಬಂದ ಮೇಲೆ ಕೈ ನಡುಗಲು ಶುರುವಾದದ್ದು ನಿಲ್ಲಲೇ ಇಲ್ಲ.

ಇವರು ಬೈಯಲಿಲ್ಲ. "ಕಾರಿನಲ್ಲಿ ಕೂತು ಮಾತಾಡೋಣ" ಅಂದರು. ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ, ಯಾವ ಮಗುವಿನ ಕೈಗೆ ಸಿಗುತ್ತದೋ. ದಾರಿಯಲ್ಲೇ ಎಕ್ಸ್‌ಟನ್ ಅನ್ನುವ ಊರು, ಅಲ್ಲಿ ಇವರ ಕ್ಲಾಸ್‌ಮೇಟ್ ಇದ್ದಾನೆ. ಫೋನ್ ಮಾಡಲು ಹೊರಟವರು ತಾವೇ ನಿಲ್ಲಿಸಿದರು. ಅವನು ಇನ್ನೂ ಕೆಲಸದ ವೀಸಾದಲ್ಲಿದ್ದಾನೆ. ಆ ವೀಸಾದವರು ಬಂದೂಕು ಮಾತ್ರ ಅಲ್ಲ, ತೋಟೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ನಮ್ಮ ಕಷ್ಟ ತಪ್ಪಿಸಿಕೊಳ್ಳಲು ಅವನನ್ನು ಕಷ್ಟಕ್ಕೆ ನೂಕಿದ ಹಾಗೆ ಆಗುತ್ತಿತ್ತು. ಕೊನೆಗೆ ಅವನೇ ಅಲ್ಲಿನ ಒಬ್ಬ ಹಿರಿಯರ ನಂಬರ್ ಕೊಟ್ಟ. ಮಂಡ್ಯದ ಕಡೆಯವರು, ರಿಟೈರ್ ಆದ ಡಾಕ್ಟರು, ಇಲ್ಲಿನ ಪ್ರಜೆಗಳಾಗಿ ಎಷ್ಟೋ ವರ್ಷ ಆಗಿದೆ.

ಯಾರು, ಏನು ಅಂತ ಗೊತ್ತಿಲ್ಲದವರ ಮನೆಗೆ ತೋಟೆ ಹಿಡಿದು ಹೋಗುವುದು ಹೇಗಿರುತ್ತದೆ ಹೇಳಿ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಒಂದೊಂದೇ ತೋಟೆಯನ್ನು ಹೆಬ್ಬೆರಳಲ್ಲಿ ಜಾರಿಸಿ ಮೇಜಿನ ಮೇಲೆ ಹಾಸಿದ ಟವೆಲ್ ಮೇಲೆ ಸಾಲಾಗಿ ಇಟ್ಟರು. ನಮ್ಮ ಕಣ್ಣೆದುರೇ ಎಣಿಸಿದರು. 15. "ಸರಿ ಇದೆಯೇನಮ್ಮ? ಇನ್ನೂ ಎಲ್ಲಾದ್ರೂ ಇದೆಯಾ ನೋಡ್ಕೋ" ಅಂದರು. ಕೈಚೀಲವನ್ನು ಅಲ್ಲೇ ಬೋರಲು ಹಾಕಿದೆ. ಪುಟ್ಟಿಯ ಹೇರ್‌ಕ್ಲಿಪ್, ಹಳೇ ರಸೀದಿ, ಅಮ್ಮ ಕೊಟ್ಟ ಕುಂಕುಮದ ಪೊಟ್ಟಣ. ಬೇರೇನೂ ಇರಲಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದರು, ಒಗ್ಗರಣೆ ಹಾಕಿದ್ದು. ಆಗ ಅತ್ತುಬಿಟ್ಟೆ ಅಪ್ಪಯ್ಯ.

ಸುಮಕ್ಕನ ಮನೆ ಮುಟ್ಟುವಾಗ ಎರಡು ಗಂಟೆ ತಡ. ಯಾಕೆ ಅಂತ ಕೇಳಿದಳು, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅದು ದೊಡ್ಡಮ್ಮನಿಗೆ ಹೋಯಿತು, ಅಲ್ಲಿಂದ ಅಮ್ಮನಿಗೆ. ಸುಮಕ್ಕನ ಮೇಲೆ ಕೋಪ ಬೇಡ ಅಂತ ಅಮ್ಮನಿಗೆ ಹೇಳಿ.

ಇಷ್ಟೊಂದು ಹೆದರಬೇಕಿತ್ತಾ ಅಂತ ನಿಮಗೆ ಅನ್ನಿಸಬಹುದು. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಪೆನ್ಸಿಲ್ವೇನಿಯಾ ಲೈಸೆನ್ಸ್ ಇಟ್ಟುಕೊಂಡು ಇದೇ ನ್ಯೂಜೆರ್ಸಿಗೆ ಕಾರಿನಲ್ಲಿ ಹೋದಳು. ಅವಳೂ ಕಳ್ಳರ ಕೈಗೆ ಸಿಕ್ಕಿ ಹೆದರಿ ಪಿಸ್ತೂಲು ತೆಗೆದುಕೊಂಡವಳು. ಪೊಲೀಸರು ಗಾಡಿ ನಿಲ್ಲಿಸಿದಾಗ ತಾನಾಗಿಯೇ "ನನ್ನ ಹತ್ತಿರ ಪಿಸ್ತೂಲಿದೆ, ಇಗೋ ಲೈಸೆನ್ಸ್" ಅಂತ ಹೇಳಿದಳು. ತನ್ನ ಲೈಸೆನ್ಸ್ ಅಲ್ಲಿಯೂ ನಡೆಯುತ್ತದೆ ಅಂತ ನಂಬಿದ್ದಳು. ಅಲ್ಲೇ ಹಿಡಿದರು. ಮೂರೂವರೆ ವರ್ಷ ಜೈಲಿನಲ್ಲೇ ಕಳೆಯಬೇಕಾದಂಥ ಕೇಸು. ದೊಡ್ಡ ಗಲಾಟೆ ಆಯಿತು, ಕೊನೆಗೆ 2015ರಲ್ಲಿ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮೆ ಕೊಟ್ಟರು. ಒಂದೂವರೆ ವರ್ಷ ಆ ತಾಯಿ ಹೇಗೆ ನಿದ್ದೆ ಮಾಡಿರಬಹುದು? ನನ್ನ ಕ್ಲಾಸಿನ ಮೇಷ್ಟರು ಈ ಕಥೆ ಹೇಳಿದಾಗ ಬರೆದುಕೊಂಡಿದ್ದೆ. ಬೋಮನ್ಸ್‌ವಿಲ್‌ನಲ್ಲಿ ಕೂತಾಗ ಅದೇ ನೆನಪಾಯಿತು.

ಎಲ್ಲ ರಾಜ್ಯಗಳೂ ಒಬ್ಬರ ಲೈಸೆನ್ಸನ್ನು ಇನ್ನೊಬ್ಬರು ಒಪ್ಪಬೇಕು ಅಂತ 2017ರ ಡಿಸೆಂಬರಿನಲ್ಲಿ ಇಲ್ಲಿನ ಕೆಳಮನೆಯಲ್ಲಿ ಮಸೂದೆ ಪಾಸಾಗಿತ್ತು, ಸೆನೆಟ್‌ನಲ್ಲಿ ಮುಂದೆ ಹೋಗಲಿಲ್ಲ. ಇಲ್ಲಿನವರು ಅದರ ಬಗ್ಗೆ ಈಗಲೂ ಜಗಳ ಆಡುತ್ತಾರೆ. ತರಬೇತಿ ಬೇಡ ಅನ್ನುವ ರಾಜ್ಯದವರು ನಮ್ಮ ಬೀದಿಗೆ ಹೇಗೆ ಬರಬಹುದು ಅಂತ ನ್ಯೂಜೆರ್ಸಿಯವರು ಕೇಳುವುದು ನನಗೆ ನ್ಯಾಯ ಅನ್ನಿಸುತ್ತದೆ. ಹಾಗೆಯೇ ಕಾನೂನು ಗೊತ್ತಿಲ್ಲದೆ ಗಡಿ ದಾಟಿದ ತಾಯಿಯನ್ನು ದರೋಡೆಕೋರನ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಎಲ್ಲರಿಗೂ ಒಂದೇ ತರಬೇತಿ, ಒಂದೇ ಕಾನೂನು ಆದರೆ ನನ್ನಂಥವರು ಉಸಿರಾಡಬಹುದು.

ಅಮ್ಮ ಕೇಳುವುದು ಪುಟ್ಟಿಯ ಬಗ್ಗೆಯೇ, ನನಗೆ ಗೊತ್ತು. ಮನೆಯಲ್ಲಿ ಅದು ಲಾಕರಿನ ಹೊರಗೆ ಒಂದು ನಿಮಿಷವೂ ಇರುವುದಿಲ್ಲ. ಪುಟ್ಟಿಗೆ ಅದರ ನಂಬರ್ ಗೊತ್ತಿಲ್ಲ, ಲಾಕರು ಇರುವುದು ಅವಳ ಕೈಗೆ ಎಟುಕದ ಎತ್ತರದಲ್ಲಿ. ಆಸ್ಪತ್ರೆಯ ಒಳಗೂ ಒಯ್ಯುವಂತಿಲ್ಲ, ಕಾರಿನಲ್ಲೇ ಪೆಟ್ಟಿಗೆಗೆ ಬೀಗ ಹಾಕಿ ಇಡುತ್ತೇನೆ. ಲೈಸೆನ್ಸ್ ಇದ್ದವರಿಗೆ ಇಲ್ಲಿನ ಕಾನೂನು ಅಷ್ಟು ಬಿಟ್ಟಿದೆ. ಇವತ್ತಿನವರೆಗೆ ಗುರಿ ಅಭ್ಯಾಸ ಬಿಟ್ಟು ಒಂದು ಈಡೂ ಹೊಡೆದಿಲ್ಲ. ಹಗಲು ಪಾಳಿಯ ಬೇರೆ ಕೆಲಸವನ್ನು ನಾನು ಹುಡುಕಲಿ ಅಂತ ಇವರಿಗೆ ಆಸೆ ಇದೆ. ಹುಡುಕುತ್ತಿದ್ದೇನೆ. ಸಿಕ್ಕಿದರೆ ಇದನ್ನು ಮಾರಿಬಿಡುತ್ತೇನೆ ಅಂತ ಇವರಿಗೆ ಮಾತು ಕೊಟ್ಟಿದ್ದೇನೆ, ಅಮ್ಮನಿಗೂ ಅದೇ ಮಾತು.

ಅಡಿಕೆ ಕೊನೆ ಕೊಯ್ಲಿಗೆ ಕೊನೆಗಾರರು ಸಿಕ್ಕರಾ? ಮಂಗಗಳ ಕಾಟ ಹೇಗಿದೆ? ಹೋದ ಏಪ್ರಿಲ್‌ನಲ್ಲಿ ಚುನಾವಣೆಗೆ ಅಂತ ಠಾಣೆಯಲ್ಲಿ ಇಟ್ಟ ಕೋವಿ ವಾಪಸ್ ತರುವಾಗ ನಳಿಗೆಗೆ ತುಕ್ಕು ಹಿಡಿದಿದೆ ಅಂತ ಹೇಳಿದ್ದಿರಿ, ಎಣ್ಣೆ ಹಾಕಿ ಒರೆಸಿದಿರಾ? ಡಿಸೆಂಬರಿನಲ್ಲಿ ಬರುವಾಗ ಏನು ತರಲಿ ಬರೆಯಿರಿ. ಅಮ್ಮನಿಗೆ ಫೋನ್ ತೆಗೆದುಕೊಳ್ಳಲು ಹೇಳಿ, ಭಾನುವಾರ ಮಾಡುತ್ತೇನೆ.

ಇವತ್ತು ಕೊಲಂಬಸ್ ದಿನದ ರಜೆ, ಅಂಚೆ ಕಚೇರಿ ಮುಚ್ಚಿದೆ. ನಾಳೆ ಕೆಲಸಕ್ಕೆ ಹೋಗುವ ಮೊದಲು ಈ ಪತ್ರ ಹಾಕಿ ಬರುತ್ತೇನೆ. ಅಂಚೆ ಕಚೇರಿಯ ಒಳಗೆ ಪಿಸ್ತೂಲು ಒಯ್ಯುವಂತಿಲ್ಲ, ಕಾರು ನಿಲ್ಲಿಸುವ ಅವರ ಜಾಗಕ್ಕೂ ತರುವಂತಿಲ್ಲ. ಅದು ಮನೆಯಲ್ಲೇ ಇರುತ್ತದೆ. ಈಗಲೇ ಕೈಚೀಲ ಬೋರಲು ಹಾಕಿ ನೋಡಿದ್ದೇನೆ, ಬೆಳಿಗ್ಗೆ ಇನ್ನೊಂದು ಸಲ ನೋಡುತ್ತೇನೆ.

ನಿಮ್ಮ ಪ್ರೀತಿಯ ಮಗಳು