ಗಾಳಿ ಪೈಪ್ ಕತ್ತರಿಸಿದರೆ ಲಾರಿ ನಿಲ್ಲುತ್ತದೆ!

ಮಾನ್ಯ ಸಂಪಾದಕರೇ,

ಹೆದ್ದಾರಿ ಹಂತಕನ ಸಿನಿಮಾ ಅಂದರೆ ಯಾರೋ ಲಾರಿಯ ಬ್ರೇಕಿನ ಗಾಳಿ ಪೈಪ್ ಕತ್ತರಿಸಬೇಕು, ಲಾರಿ ಹುಚ್ಚೆದ್ದು ನುಗ್ಗಬೇಕು. ಆಗುವುದು ಉಲ್ಟಾ. ಗಾಳಿಯ ಒತ್ತಡ ಸುಮಾರು 60 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಇಳಿದಾಗ ಬಜರ್ ಕೂಗುತ್ತದೆ. 20ರಿಂದ 45ರೊಳಗೆ ಬಂದರೆ, ಗಾಳಿ ತಡೆದಿಟ್ಟಿದ್ದ ಸ್ಪ್ರಿಂಗ್ ಬಿಟ್ಟುಕೊಂಡು ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಂದಿನ ಚಕ್ರ ಕಚ್ಚುತ್ತದೆ. ಬ್ರೇಕ್ ನಿಜಕ್ಕೂ ಕೈಕೊಡುವುದು ಘಾಟಿಯಲ್ಲಿ: ನ್ಯೂಟ್ರಲ್‌ನಲ್ಲಿ ಇಳಿಸಿದರೆ ಎಂಜಿನ್ ಹಿಡಿತವಿಲ್ಲ, ಪೆಡಲ್ ಒತ್ತಿ ಒತ್ತಿ ಚಕ್ರದ ಬ್ರೇಕ್ ಡ್ರಮ್ ಬಿಸಿಯಾಗುತ್ತದೆ, ಅದಕ್ಕೆ ಒತ್ತುವ ಲೈನರ್ ಜಾರುತ್ತದೆ.

ನಿರ್ದೇಶಕ ರಿಚರ್ಡ್ ಫ್ರಾಂಕ್ಲಿನ್ ಅವರ ‘ರೋಡ್‌ಗೇಮ್ಸ್’ (1981) ಸಿನಿಮಾ ಭಯ ಹುಟ್ಟಿಸುವುದು ಬೇರೆ ಬಗೆಯಲ್ಲಿ. ಹಂದಿಮಾಂಸ ಹೊತ್ತ ಶೀತಲ ಟ್ರಕ್, ಒಂದು ಹಸಿರು ವ್ಯಾನ್, ಆಸ್ಟ್ರೇಲಿಯಾದ ನಲ್ಲಾರ್‌ಬೋರ್ ಬಯಲು, ಅಷ್ಟೇ. ಅತ್ತಲಿನ ಐರ್ ಹೆದ್ದಾರಿಯಲ್ಲಿ 146.6 ಕಿ.ಮೀ. ಒಂದೂ ತಿರುವಿಲ್ಲ, ಮುಂದಿನ ಗಾಡಿಯಿಂದ ಕಣ್ಣು ಕೀಳಲು ನೆಪವೇ ಸಿಗದು.

– ಓದುಗ, ಹುಬ್ಬಳ್ಳಿ