ಬಣ್ಣದ ಸ್ಟಿಕ್ಕರ್ ಗಾಜಿಗೆ ಮಾತ್ರವಲ್ಲ, ಟ್ಯಾಂಕ್ ಮುಚ್ಚಳಕ್ಕೂ ಬೇಕು

ಮಾನ್ಯ ಸಂಪಾದಕರೇ,

ಸಾಲು ರಜೆ ಬಂದರೆ ಸಾಕು, ಹೆದ್ದಾರಿ ಪಕ್ಕದ ಗ್ಯಾರೇಜುಗಳಿಗೆ ಒಂದೇ ತರದ ಫೋನ್ ಬರಲು ಶುರುವಾಗುತ್ತೆ. "ಬಂಕಲ್ಲೇ ನಿಂತಿದ್ದೀವಿ, ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಬಿಟ್ಟಿದ್ದಾರೆ, ಈಗ ಏನ್ ಮಾಡೋದು?" ನಾನು ತುಮಕೂರು ಜಿಲ್ಲೆಯಲ್ಲಿ ಇಂಜಿನಿಗೆ ಡೀಸೆಲ್ ತಳ್ಳುವ ಪಂಪ್ ಮತ್ತು ಅದನ್ನು ಒಳಗೆ ಚಿಮ್ಮಿಸುವ ಇಂಜೆಕ್ಟರ್ ರಿಪೇರಿ ಮಾಡುವವನು. ಇಂಥ ಗಾಡಿಗಳಿಂದ ನಮಗೆ ಕೆಲಸ ಸಿಗುತ್ತೆ, ನಿಜ. ಆದರೂ ಇದು ನಿಲ್ಲಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಇದನ್ನು ತಡೆಯಲು ದೊಡ್ಡ ಯೋಜನೆ, ದೊಡ್ಡ ಖರ್ಚು ಏನೂ ಬೇಡ. ಒಂದು ಸ್ಟಿಕ್ಕರ್ ಸಾಕು.

ಆ ಸ್ಟಿಕ್ಕರ್ ಆಗಲೇ ನಮ್ಮ ಕಾರುಗಳಲ್ಲಿ ಇದೆ. 2019ರ ಏಪ್ರಿಲ್ 1ರ ನಂತರ ತಯಾರಾದ ಕಾರುಗಳಿಗೆ ಹೆಚ್ಚು ಸುರಕ್ಷತೆಯ ನಂಬರ್ ಪ್ಲೇಟ್ ಜೊತೆ ಮುಂದಿನ ಗಾಜಿಗೆ ಒಳಗಿನಿಂದ ಅಂಟಿಸುವ ಒಂದು ಸ್ಟಿಕ್ಕರನ್ನೂ ಕಡ್ಡಾಯ ಮಾಡಿದ್ದಾರೆ. ಡೀಸೆಲ್ ಗಾಡಿಗೆ ಕಿತ್ತಳೆ ಬಣ್ಣ, ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗೆ ತಿಳಿ ನೀಲಿ, ಉಳಿದವಕ್ಕೆ ಬೂದು. ನಮ್ಮ ರಾಜ್ಯದಲ್ಲಿ 2023ರ ಆದೇಶದ ನಂತರ ಹಳೆಯ ಗಾಡಿಗಳಿಗೂ ಈ ಪ್ಲೇಟ್ ಹಾಕಿಸಿ ಅಂದರು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು, ಜನ ಆನ್‌ಲೈನಲ್ಲಿ ದುಡ್ಡು ಕಟ್ಟಿ ಕ್ಯೂ ನಿಂತು ಹಾಕಿಸಿಕೊಂಡರು. ಆದರೆ ಆ ಬಣ್ಣಕ್ಕೆ ಏನರ್ಥ ಅಂತ ಕಾರಿನವರಿಗೇ ಗೊತ್ತಿಲ್ಲ. ಬಂಕಿನ ಹುಡುಗನಿಗಂತೂ ಅದು ಕಾಣುವುದೇ ಇಲ್ಲ. ಅವನು ನಿಲ್ಲುವುದು ಕಾರಿನ ಹಿಂಭಾಗದಲ್ಲಿ, ಟ್ಯಾಂಕ್ ಮುಚ್ಚಳದ ಹತ್ತಿರ. ಸ್ಟಿಕ್ಕರ್ ಇರುವುದು ಮುಂದಿನ ಗಾಜಿನ ಎಡ ಮೂಲೆಯಲ್ಲಿ. ಗುರುತು ಒಂದು ಕಡೆ, ಕೆಲಸ ನಡೆಯುವುದು ಇನ್ನೊಂದು ಕಡೆ.

ಇದೇ ಬಣ್ಣವನ್ನು ಟ್ಯಾಂಕ್ ಮುಚ್ಚಳಕ್ಕೂ, ಬಂಕಿನ ನಾಜಲ್ ಹಿಡಿಕೆಗೂ ಹಾಕಿದರೆ ಆಯಿತು. ಕಿತ್ತಳೆಗೆ ಕಿತ್ತಳೆ, ನೀಲಿಗೆ ನೀಲಿ. ಓದಲು ಬರದವನಿಗೂ ತಿಳಿಯುತ್ತೆ. ಯುರೋಪಿನಲ್ಲಿ 2018ರ ಅಕ್ಟೋಬರ್‌ನಿಂದ ಸುಮಾರು ಇಂಥದ್ದೇ ಪದ್ಧತಿ ಇದೆ. ಅಲ್ಲಿ ಬಣ್ಣದ ಬದಲು ಆಕಾರ: ಪೆಟ್ರೋಲಿಗೆ ವೃತ್ತ, ಡೀಸೆಲಿಗೆ ಚೌಕ, ಗ್ಯಾಸಿಗೆ ವಜ್ರದ ಆಕಾರ. ಹೊಸ ಕಾರಿನ ಟ್ಯಾಂಕ್ ಬಾಯಿ ಹತ್ತಿರವೂ ಅದೇ ಗುರುತು, ಬಂಕಿನ ನಾಜಲ್ ಮೇಲೂ ಅದೇ ಗುರುತು. ಅಲ್ಲಿನ ಕೆಲವು ಡೀಸೆಲ್ ಕಾರುಗಳಲ್ಲಿ ಪೆಟ್ರೋಲಿನ ತೆಳು ನಾಜಲ್ ಒಳಗೇ ಹೋಗದಂತೆ ಟ್ಯಾಂಕ್ ಬಾಯಲ್ಲಿ ತಡೆಯೂ ಇರುತ್ತೆ. ನಮ್ಮಲ್ಲಿ ಎಷ್ಟೋ ಕಾರುಗಳ ಮುಚ್ಚಳದ ಒಳಗಡೆ ಬೆರಳಗಲದ ಒಂದು ಚೀಟಿ ಇರುತ್ತೆ, ಅದೂ ಇಂಗ್ಲಿಷಿನಲ್ಲಿ, ಧೂಳು ಮುಚ್ಚಿಕೊಂಡು.

ಹುಡುಗರಿಗೆ ಗಮನ ಇಲ್ಲ ಅಂತ ಬೈಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿ. ಇನ್ನೋವಾ ಅಂದರೆ ಡೀಸೆಲ್ ಅಂತ ಎಷ್ಟು ವರ್ಷದಿಂದ ಎಲ್ಲರ ತಲೆಯಲ್ಲಿ ಕೂತಿದೆ ಹೇಳಿ. 2022ರ ಕೊನೆಗೆ ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಬಂತು, ಅದು ಪೆಟ್ರೋಲ್ ಗಾಡಿ. ಇನ್ನೋವಾ ಕ್ರಿಸ್ಟಾ ಹೆಚ್ಚಾಗಿ ಡೀಸೆಲ್ ಗಾಡಿ. ಹೆಸರು ಒಂದೇ, ಹೊಟ್ಟೆಗೆ ಹಾಕುವುದು ಬೇರೆ. ಸ್ವಿಫ್ಟ್ ಕಥೆ ಇದಕ್ಕೆ ಉಲ್ಟಾ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮ ಬಂದಾಗ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಸ್ವಿಫ್ಟ್ ಅಂದರೆ ಪೆಟ್ರೋಲ್. ಹಳೆಯ ಡೀಸೆಲ್ ಸ್ವಿಫ್ಟು, ಡಿಜೈರು ರಸ್ತೆಯಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ, ಮಾಲೀಕರ ಕೈಯಿಂದ ಕೈಗೆ ಬದಲಾಗುತ್ತಲೂ ಇವೆ. ಕಾರಿನವರೂ ಕಿಟಕಿ ಇಳಿಸಿ "ಫುಲ್ ಟ್ಯಾಂಕ್" ಅಂತಾರೆ, ಇಲ್ಲಾ "ಎರಡು ಸಾವಿರಕ್ಕೆ ಹಾಕಪ್ಪ" ಅಂತಾರೆ. ಯಾವುದು ಅಂತ ಹೇಳುವುದಿಲ್ಲ. ಅವನು "ಝೀರೋ ನೋಡಿ ಸರ್" ಅಂತಾನೆ, ಇವರು ಮೊಬೈಲ್ ನೋಡುತ್ತಾ "ಹೂಂ" ಅಂತಾರೆ. ಮೀಟರಿನಲ್ಲಿ ಸೊನ್ನೆ ಸರಿಯಾಗೇ ಇರುತ್ತೆ, ನಾಜಲ್ ಮಾತ್ರ ಪಕ್ಕದ್ದು.

ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದರೆ ಏನಾಗುತ್ತೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಗೊತ್ತಿಲ್ಲದೇ ಜನ ಅಲ್ಲೇ ಇನ್ನೊಂದು ತಪ್ಪು ಮಾಡುತ್ತಾರೆ. ಈಗಿನ ಡೀಸೆಲ್ ಇಂಜಿನಿನಲ್ಲಿ ಹೈ ಪ್ರೆಶರ್ ಪಂಪ್ ಇರುತ್ತೆ. ಅದು ಡೀಸೆಲನ್ನು 1,600 ಬಾರ್, ಕೆಲವು ಗಾಡಿಗಳಲ್ಲಿ 2,000 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ತಳ್ಳುತ್ತೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್, ಲೆಕ್ಕ ಹಾಕಿಕೊಳ್ಳಿ. ಅಷ್ಟು ಒತ್ತಡದಲ್ಲಿ ಉಜ್ಜಾಡುವ ಉಕ್ಕಿನ ಭಾಗಗಳಿಗೆ ಬೇರೆ ಆಯಿಲ್ ಹೋಗುವುದಿಲ್ಲ, ಅದರೊಳಗೆ ಹರಿಯುವ ಡೀಸೆಲ್ಲೇ ಜಿಡ್ಡು. ಪೆಟ್ರೋಲಿಗೆ ಆ ಜಿಡ್ಡು ಇಲ್ಲ, ಅದು ಇರುವ ಜಿಡ್ಡನ್ನೂ ತೊಳೆದುಬಿಡುತ್ತೆ. ಆಗ ಉಕ್ಕಿಗೆ ಉಕ್ಕು ಉಜ್ಜಿ ಪುಡಿ ಏಳುತ್ತೆ. ಇಂಥ ಗಾಡಿಯ ಪಂಪ್ ಬಿಚ್ಚಿ, ಒಳಗಿದ್ದದ್ದನ್ನು ಬಿಳಿ ಬಟ್ಟೆ ಮೇಲೆ ಬಗ್ಗಿಸಿ ಬಿಸಿಲಿಗೆ ಹಿಡಿದರೆ ಮಿಣಮಿಣ ಅನ್ನುತ್ತೆ, ಬಟ್ಟೆಗೆ ಜರಿ ಉದುರಿದ ಹಾಗೆ. ಬೆರಳಲ್ಲಿ ಉಜ್ಜಿದರೆ ಬೂದು ಬಣ್ಣ ಅಂಟುತ್ತೆ. ಆ ಪುಡಿ ಪಂಪಿನಿಂದ ರೈಲಿಗೆ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಗೆ, ಅಲ್ಲಿಂದ ನಾಲ್ಕೂ ಇಂಜೆಕ್ಟರಿಗೆ ಹೋಗಿರುತ್ತೆ, ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೂ ಬಂದಿರುತ್ತೆ. ಆಮೇಲೆ ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವ ಹಾಗಿಲ್ಲ. ಅಷ್ಟೂ ಬದಲಿಸಬೇಕೆಂದರೆ ಬಿಲ್ಲು ಲಕ್ಷ ದಾಟಿದರೂ ಆಶ್ಚರ್ಯವಿಲ್ಲ.

ಅದೇ ಗಾಡಿ ಸ್ಟಾರ್ಟ್ ಮಾಡದೇ ನಮ್ಮ ಹತ್ತಿರ ಬಂದರೆ? ಟ್ಯಾಂಕ್ ಖಾಲಿ ಮಾಡಿ, ಲೈನ್ ತೊಳೆದು, ಹೊಸ ಫಿಲ್ಟರ್ ಹಾಕಿ, ಒಳ್ಳೆ ಡೀಸೆಲ್ ತುಂಬಿಸಿ, ಏರ್ ತೆಗೆದು ಕಳಿಸುತ್ತೇವೆ. ಅರ್ಧ ದಿನದ ಕೆಲಸ.

ಅದಕ್ಕೇ ಕೈ ಮುಗಿದು ಹೇಳುತ್ತೇನೆ, ತಪ್ಪು ಗೊತ್ತಾದ ತಕ್ಷಣ ಸೆಲ್ಫ್ ಹೊಡೆಯಬೇಡಿ. ಗಾಡಿ ಪಕ್ಕಕ್ಕೆ ತೆಗೆಯೋಣ ಅಂತಲೂ ಸ್ಟಾರ್ಟ್ ಮಾಡಬೇಡಿ. ಕೀಲಿ ಪೂರ್ತಿ ಆನ್ ಮಾಡಿದರೂ ಎಷ್ಟೋ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಸಣ್ಣ ಪಂಪ್ ಓಡಲು ಶುರುವಾಗಿ ಪೆಟ್ರೋಲನ್ನು ಲೈನಿಗೆ ಕಳಿಸುತ್ತೆ. ಸ್ಟೇರಿಂಗ್ ಲಾಕ್ ಬಿಡಿಸಲು ಕೀಲಿ ಮೊದಲ ಹಂತಕ್ಕೆ ತಿರುಗಿಸಿದರೆ ಸಾಕು. ಬಟನ್ ಇರುವ ಗಾಡಿಯಾದರೆ ಸಾಮಾನ್ಯವಾಗಿ ಬ್ರೇಕ್, ಕ್ಲಚ್ ಎರಡನ್ನೂ ತುಳಿಯದೆ ಒಂದೇ ಸಲ ಒತ್ತಿ. ಗೇರ್ ನ್ಯೂಟ್ರಲ್ ಮಾಡಿ ನಾಲ್ಕು ಜನ ಸೇರಿ ತಳ್ಳಿ. ಹಿಂದಿನವರು ಹಾರ್ನ್ ಹೊಡೆಯಲಿ, ಬೈಯಲಿ, ಕಾಯುತ್ತಾರೆ. ಆಟೋಮ್ಯಾಟಿಕ್ ಆದರೆ ಅಲ್ಲೇ ಬಿಡಿ, ಗಾಡಿಯನ್ನು ಪೂರ್ತಿ ಮೇಲೆತ್ತಿಕೊಂಡು ಹೋಗುವ ಟೋಯಿಂಗ್ ವಾಹನ ಕರೆಸಿ. ಓಡಿಸುವಾಗ ಗೊತ್ತಾದರೆ, ಅಂದರೆ ಪಿಕಪ್ ಸತ್ತುಹೋಗಿ, ಮಿಸ್ಸಿಂಗ್ ಹೊಡೆದು, ಇಂಜಿನ್ ಕಟಕಟ ಅನ್ನತೊಡಗಿದರೆ, ಮುಂದಿನ ಊರಿನವರೆಗೆ ಹೋಗೋಣ ಅನ್ನಬೇಡಿ. ಪಕ್ಕಕ್ಕೆ ಹಾಕಿ ಆಫ್ ಮಾಡಿ.

"ಐದು ಲೀಟರ್ ತಾನೇ ಬಿದ್ದಿರೋದು, ಮೇಲೆ ಡೀಸೆಲ್ ತುಂಬಿಸಿ, ಏನೂ ಆಗಲ್ಲ" ಅನ್ನುವವರು ಬಂಕಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಹಳೆ ಅಂಬಾಸಿಡರ್ ಕಾಲದಲ್ಲಿ ಅದು ನಡೆಯುತ್ತಿತ್ತು, ಆ ಪಂಪಿನ ಒತ್ತಡವೂ ಕಡಿಮೆ, ಸೂಕ್ಷ್ಮವೂ ಕಡಿಮೆ. ಈಗಿನ ಗಾಡಿಗೆ ಆ ಮಾತು ನಂಬಬೇಡಿ. ಇನ್ನು ಕೆಲವರು ಪೈಪ್ ಬಾಯಲ್ಲಿಟ್ಟು ಎಳೆಯಲು ಹೋಗುತ್ತಾರೆ. ದಯವಿಟ್ಟು ಬೇಡ. ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಪೆಟ್ರೋಲ್ ಬೆರೆತ ಡೀಸೆಲ್ ಬರೀ ಡೀಸೆಲ್ ತರ ಇರುವುದಿಲ್ಲ, ಒಂದು ಕಿಡಿ ಸಾಕು ಹೊತ್ತಿಕೊಳ್ಳಲು. ಆ ಕೆಲಸ ಬಂಕಿನ ಅಂಗಳದಲ್ಲಿ ಮಾಡುವಂಥದ್ದಲ್ಲ.

ಪೆಟ್ರೋಲ್ ಕಾರಿಗೆ ಡೀಸೆಲ್ ಬಿದ್ದರೆ ನಷ್ಟ ಸಾಮಾನ್ಯವಾಗಿ ಕಡಿಮೆ. ಹೊಗೆ ಬಂದು ಗಾಡಿ ನಿಲ್ಲುತ್ತೆ, ಪ್ಲಗ್ ಒದ್ದೆಯಾಗುತ್ತೆ, ಟ್ಯಾಂಕ್ ತೊಳೆದು ಪ್ಲಗ್ ಸ್ವಚ್ಛ ಮಾಡಿದರೆ ಬಹುತೇಕ ಸರಿಹೋಗುತ್ತೆ. ಹಟ ಹಿಡಿದು ಓಡಿಸಿದರೆ ಮಾತ್ರ ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು. ಹೊಸ ಡೀಸೆಲ್ ಗಾಡಿಗಳವರಿಗೆ ಇನ್ನೊಂದು ಮಾತು. ಕೆಲವದರಲ್ಲಿ ನೀಲಿ ಮುಚ್ಚಳದ ಎರಡನೇ ಬಾಯಿ ಇರುತ್ತೆ, ಅದು ಹೊಗೆಯ ವಿಷ ಕಡಿಮೆ ಮಾಡುವ ಯೂರಿಯಾ ದ್ರಾವಣ ಹಾಕುವ ಜಾಗ. ಆ ದ್ರಾವಣ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಉಪ್ಪಿನ ತರ ಹರಳುಗಟ್ಟಿ ಪಂಪು, ಇಂಜೆಕ್ಟರ್ ಎಲ್ಲ ಕಟ್ಟಿಕೊಳ್ಳುತ್ತೆ. ಪೆಟ್ರೋಲ್ ಬಿದ್ದದ್ದಕ್ಕಿಂತ ಕೆಟ್ಟದ್ದು ಅದು.

ಇನ್ನು ಖರ್ಚು ಯಾರದ್ದು? ಬಂಕಿನಲ್ಲಿ ನಡೆಯುವ ಜಗಳವೆಲ್ಲ ಇದಕ್ಕೇ. ಈಗ ಎಲ್ಲರೂ ಫೋನ್‌ಪೇ, ಗೂಗಲ್‌ಪೇ. ಅದರಲ್ಲಿ ಕಟ್ಟಿದ ದುಡ್ಡು ಎಷ್ಟು ಅಂತ ಇರುತ್ತೆಯೇ ಹೊರತು ಯಾವ ಎಣ್ಣೆ ಅಂತ ಇರುವುದಿಲ್ಲ. ಅದಕ್ಕೇ ಛಾಪಿಸಿದ ಬಿಲ್ ಕೇಳಿ ಪಡೆಯಿರಿ. ಅದರಲ್ಲಿ ಎಂಎಸ್ ಅಂದರೆ ಪೆಟ್ರೋಲ್, ಎಚ್ಎಸ್‌ಡಿ ಅಂದರೆ ಡೀಸೆಲ್. ಸಿಸಿಟಿವಿ ದೃಶ್ಯ ಅಳಿಸಬೇಡಿ ಅಂತ ಮ್ಯಾನೇಜರಿಗೆ ಅಲ್ಲೇ ಬರೆದುಕೊಡಿ, ಬಂಕಿನ ದೂರು ಪುಸ್ತಕದಲ್ಲೂ ಬರೆಯಿರಿ. ಕಾರಿನ ಸಾಮಾನ್ಯ ವಿಮೆಯಲ್ಲಿ ಇಂಥ ಯಾಂತ್ರಿಕ ಹಾನಿಗೆ ಪರಿಹಾರ ಸಿಗುವುದು ಕಷ್ಟ. ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದರೆ ಗಾಡಿ ಎಳೆಸುವ ಖರ್ಚಾದರೂ ಉಳಿಯಬಹುದು, ಪಾಲಿಸಿ ತೆಗೆದು ಓದಿ. ಬಂಕಿನವರದೇ ತಪ್ಪಾಗಿದ್ದು ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ.

ಆದರೆ ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ರಾಜಿ ಆದಾಗ ಬಂಕ್ ಮಾಲೀಕರು ಕೊಟ್ಟ ದುಡ್ಡು ಎಷ್ಟೋ ಸಲ ಆ ಹುಡುಗನ ಸಂಬಳದಲ್ಲೇ ಮುರಿಯುತ್ತೆ. ಒಂದು ಸಲ ಟೋಯಿಂಗ್ ಗಾಡಿ ಜೊತೆ ಬಂದ ಬಂಕಿನ ಹುಡುಗನೊಬ್ಬ ನಾನು ಟ್ಯಾಂಕ್ ಇಳಿಸಿ ಮುಗಿಸುವವರೆಗೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು "ಅಣ್ಣಾ, ಪಂಪ್ ಹೋಗಿಲ್ಲ ತಾನೇ, ಅಣ್ಣಾ?" ಅಂತ ಕೇಳುತ್ತಲೇ ಇದ್ದ. ಯಾದಗಿರಿ ಕಡೆಯವನು. ರಾತ್ರಿ ಪಾಳಿ ಮುಗಿಸಿ, ಬೇರೆಯವನು ಬರಲಿಲ್ಲ ಅಂತ ಬೆಳಗಿನ ಪಾಳಿಯನ್ನೂ ಅವನೇ ಹೊತ್ತಿದ್ದ. ಪುಣ್ಯಕ್ಕೆ ಕಾರಿನವರು ಸ್ಟಾರ್ಟ್ ಮಾಡಿರಲಿಲ್ಲ, ಪಂಪ್ ಉಳಿದಿತ್ತು. ಹೋಗಿದ್ದರೆ ಅವನು ಎಷ್ಟು ತಿಂಗಳು ಬಿಟ್ಟಿ ದುಡಿಯಬೇಕಿತ್ತೋ.

ಸಾರಿಗೆ ಇಲಾಖೆಯವರು ಫಿಟ್‌ನೆಸ್ ಸರ್ಟಿಫಿಕೇಟಿಗೆ ಬರುವ ಟ್ಯಾಕ್ಸಿಗಳಿಂದಲೇ ಇದನ್ನು ಶುರು ಮಾಡಬಹುದು, ಟ್ಯಾಂಕ್ ಮುಚ್ಚಳದ ಮೇಲೆ ಗಾಜಿನ ಸ್ಟಿಕ್ಕರಿನದೇ ಬಣ್ಣ, ಕನ್ನಡದಲ್ಲಿ ದಪ್ಪ ಅಕ್ಷರದ "ಡೀಸೆಲ್" ಅಥವಾ "ಪೆಟ್ರೋಲ್". ತೈಲ ಕಂಪನಿಗಳು ತಮ್ಮ ತಮ್ಮ ಬಣ್ಣ ಬಿಟ್ಟು ಎಲ್ಲ ಬಂಕುಗಳ ನಾಜಲ್ಲಿಗೂ ಅದೇ ಎರಡು ಬಣ್ಣ ಹಾಕಲಿ. ಝೀರೋ ತೋರಿಸುವಾಗ "ಡೀಸೆಲ್, ಝೀರೋ ನೋಡಿ" ಅಂತ ಹೆಸರು ಸೇರಿಸಿ ಹೇಳಲು ಹುಡುಗರಿಗೆ ಕಲಿಸಲಿ, ಕಾರಿನವರು ಹೌದು ಅನ್ನುವವರೆಗೆ ನಾಜಲ್ ಒತ್ತಬಾರದು ಅಂತ ನಿಯಮ ಮಾಡಲಿ. ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ, ಸ್ಟಿಕ್ಕರ್ ಕತ್ತರಿಸುವ ಅಂಗಡಿ ಪ್ರತಿ ಊರಲ್ಲೂ ಇದೆ. ನಮ್ಮ ಗ್ಯಾರೇಜಿಗೆ ಬರುವ ಡೀಸೆಲ್ ಗಾಡಿಗಳಿಗೆ ನಾವೇ ಕಿತ್ತಳೆ ಸ್ಟಿಕ್ಕರ್ ಅಂಟಿಸಿ ಕಳಿಸುತ್ತಿದ್ದೇವೆ, ದುಡ್ಡು ತೆಗೆದುಕೊಳ್ಳುತ್ತಿಲ್ಲ. ಬೇರೆ ಗ್ಯಾರೇಜಿನವರೂ ಮಾಡಿ.

ಇತಿ,
ಒಬ್ಬ ಡೀಸೆಲ್ ಮೆಕ್ಯಾನಿಕ್, ತುಮಕೂರು ಜಿಲ್ಲೆ